ಕೇಳಿಸುವವನ ಸೇವೆ

ಭಾನುವಾರ ಬೆಳಿಗ್ಗೆ ಆರಾಧನೆಯ ಗಂಟೆ ಬಾರಿಸುವದಕ್ಕೆ ಒಂದು ತಾಸು ಮುಂಚೆಯೇ ಆಲಯಕ್ಕೆ ಬರುವವರು ಇಬ್ಬರು. ಒಬ್ಬನು ಕಸ ಗುಡಿಸಿ ಬೆಂಚುಗಳನ್ನು ಒರಸುವವನು. ಮತ್ತೊಬ್ಬನು ಮೈಕು ನೋಡಿಕೊಳ್ಳುವವನು. ಮೊದಲನೆಯವನಿಗೆ ಸಭೆಯವರು ತಿಂಗಳಿಗೆ ಇಷ್ಟೆಂದು ಸಂಬಳ ಕೊಡುತ್ತಾರೆ. ಎರಡನೆಯವನು ತಾನಾಗಿ ಬಂದವನು. ಅವನಿಗೆ ಸಂಬಳವಿಲ್ಲ, ಅವನು ಅದನ್ನು ಕೇಳಿದ್ದೂ ಇಲ್ಲ. ಸುತ್ತಿಟ್ಟ ತಂತಿಗಳನ್ನು ಬಿಡಿಸಿ, ಆಂಪ್ಲಿಫೈಯರಿನ ಧೂಳು ಒರಸಿ, ಪ್ರಸಂಗಪೀಠದ ಮುಂದೆ ನಿಂತು ಬರಿದಾದ ಬೆಂಚುಗಳಿಗೆ "ಹಲೋ, ಒಂದು, ಎರಡು, ಮೂರು" ಎಂದು ಹೇಳಿ, ಬಳಿಕ ಹಿಂದಿನ ಗೋಡೆಯ ಮಗ್ಗುಲಲ್ಲಿ ತನ್ನ ಪೆಟ್ಟಿಗೆಯ ಬಳಿ ಕೂಡ್ರುವನು. ಆರಾಧನೆ ಮುಗಿದು ಜನರೆಲ್ಲರೂ ಮನೆಗೆ ಹೋದ ಮೇಲೆ ಮತ್ತೆ ತಂತಿಗಳನ್ನು ಸುತ್ತಿ ಬೀಗ ಹಾಕುವವನು ಅವನೇ. ಬಳ್ಳಾರಿ ಪಟ್ಟಣದ ದೊಡ್ಡ ಆಲಯಗಳಲ್ಲಿಯೂ, ಸಿರುಗುಪ್ಪ ಕುರುಗೋಡು ಸೀಮೆಗಳ ತಗಡಿನ ಮಾಡಿನ ಸಣ್ಣ ಪ್ರಾರ್ಥನಾಮಂದಿರಗಳಲ್ಲಿಯೂ ಇಂಥ ಯೌವನಸ್ಥರನ್ನು ನಾವು ಕಂಡಿದ್ದೇವೆ. ಪ್ರಿಯ ಓದುಗರೇ, ನೀವೂ ಕಂಡಿರುವಿರಿ.

ಈತನು ಯಾರ ಸೇವಕನು? ಪ್ರಸಂಗ ಮಾಡುವವನ ಸೇವಕನೋ? ಹಾಡುವವರ ಸೇವಕನೋ? ಸಭೆಯ ಹಿರಿಯರ ಸೇವಕನೋ? ಇದು ಸಣ್ಣ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ನಮಗೂ ಹಾಗೆಯೇ ತೋರಿತ್ತು. ಒಂದು ಸಾಯಂಕಾಲ ನಾವು ನಾಚಿಕೆಪಟ್ಟ ತರುವಾಯ ಮಾತ್ರ ಈ ವಿಷಯವನ್ನು ಮನಸ್ಸಿಗೆ ತಂದುಕೊಂಡೆವು. ಆದಕಾರಣ ಆ ಸಂಗತಿಯನ್ನೇ ಮೊದಲು ಹೇಳುವೆವು.

ಕುರುಗೋಡಿನ ಬೆಟ್ಟಗಳ ಆಚೆಗಿರುವ ಒಂದು ಹಳ್ಳಿಯಲ್ಲಿ ಬಯಲು ಕೂಟವಿತ್ತು. ಸುಗ್ಗಿ ಮುಗಿದಿತ್ತು, ಜನರು ಚೆನ್ನಾಗಿ ಕೂಡಿದ್ದರು. ಕಂಬಕ್ಕೆ ಎರಡು ಹಾರ್ನು ಕಟ್ಟಿಸಿದ್ದೆವು. ಒಂದರ ಬಾಯಿ ಕೂತವರ ಕಡೆಗಿತ್ತು, ಇನ್ನೊಂದರ ಬಾಯಿ ಊರಿನ ಕಡೆಗೆ. ಮೈಕು ನೋಡಿಕೊಳ್ಳುವ ಹುಡುಗನಿಗೆ ನಾವೇ "ಇನ್ನೂ ಏರಿಸು ತಮ್ಮಾ, ಊರಿಗೆಲ್ಲಾ ಕೇಳಲಿ" ಎಂದು ಅಪ್ಪಣೆ ಕೊಟ್ಟೆವು. ನಾವು ಪ್ರಸಂಗದ ನಡುವೆ ಇದ್ದಾಗ ಊರೊಳಗಿಂದ ಒಬ್ಬ ಮನುಷ್ಯನು ಬಂದು, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ಆ ಹುಡುಗನ ಹತ್ತಿರ ಬಗ್ಗಿ ಏನೋ ಹೇಳಿದನು. ಹುಡುಗನು ಎದ್ದು ಕೂಟದ ಕೊನೆಯ ಸಾಲಿನ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತನು. ತಿರುಗಿ ಬಂದು ಕಂಬ ಹತ್ತಿ ಊರಿನ ಕಡೆಗಿದ್ದ ಹಾರ್ನಿನ ತಂತಿಯನ್ನು ತೆಗೆದುಬಿಟ್ಟನು. ನಮ್ಮ ಸ್ವರವು ಥಟ್ಟನೆ ಚಿಕ್ಕದಾದದ್ದು ನಮಗೆ ತಿಳಿಯಿತು. ಸಿಟ್ಟು ಬಂತು. ಕೂಟ ಮುಗಿದ ಕೂಡಲೆ, "ಯಾರನ್ನು ಕೇಳಿ ತೆಗೆದಿ?" ಎಂದು ಗದರಿಸಿದೆವು.

ಅವನು ತಲೆ ತಗ್ಗಿಸಿ, "ಅವರ ತಾಯಿಗೆ ಮೂರು ದಿನದಿಂದ ಜ್ವರ ಐತಂತ್ರಿ ಅಯ್ಯನೋರೆ. ಈಗೊಂದೀಟು ಕಣ್ಣು ಹತ್ತಿತ್ತಂತ. ನಮ್ಮ ಕೊನೀ ಸಾಲಿಗೆ ಒಂದ ಹಾರ್ನು ಸಾಕಾಗ್ತಿತ್ರಿ, ನಾನು ಹೋಗಿ ನಿಂತು ನೋಡಿ ಬಂದೆ" ಅಂದನು.

ಆ ಸಾಯಂಕಾಲ ನಾವು ಪ್ರಸಂಗಕ್ಕೆ ಆರಿಸಿಕೊಂಡಿದ್ದ ವಿಷಯವು ನೆರೆಯವನ ಪ್ರೀತಿ. ಇದನ್ನು ಬರೆಯುವದಕ್ಕೆ ನಮಗೆ ಸಂತೋಷವಿಲ್ಲ. ಆದರೂ ನಡೆದದ್ದು ಹೀಗೆಯೇ. ನಾವು ಬಾಯಿಂದ ಹೇಳುತ್ತಿದ್ದದ್ದನ್ನು ಅವನು ಕಂಬದ ಮೇಲೆ ಹತ್ತಿ ಮಾಡಿದನು. ಹೀಗಿರಲಾಗಿ ಅವನು ನಮ್ಮ ಅಪ್ಪಣೆಯನ್ನು ಮೀರಿದ್ದು ತಪ್ಪೋ ಸರಿಯೋ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವನ ಕೆಲಸವು ಎಂಥದೆಂಬದನ್ನು ಮೊದಲು ತಿಳಿಯಬೇಕು.

ನಂಬಿಕೆಗೂ ಕೇಳುವಿಕೆಗೂ ಇರುವ ಸಂಬಂಧವನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತೋರಿಸಿದ್ದಾನೆ. ನಮ್ಮ ಸೀಮೆಯ ಚರಿತ್ರೆಯೂ ಅದನ್ನೇ ತೋರಿಸುತ್ತದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ದೊರೆಯವರು 1810ರಲ್ಲಿ ಬಳ್ಳಾರಿಗೆ ಬಂದರು. ವರುಷಾನುವರುಷ ಶ್ರಮಪಟ್ಟ ಮೇಲೆ 1831ರಲ್ಲಿ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಆದರೆ ಅಚ್ಚಾದ ಪುಸ್ತಕವನ್ನು ಓದಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ? ನಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಬಹುಮಂದಿ ವಾಕ್ಯವನ್ನು ಓದಿ ತಿಳಿದವರಲ್ಲ. ಬೇವಿನ ಮರದ ಕೆಳಗೆ, ಕಟ್ಟೆಯ ಮೇಲೆ, ದನದ ಹಟ್ಟಿಯ ಮುಂದೆ ಕೂತು ಕಿವಿಯಿಂದ ಕೇಳಿದವರು. ಇಂದು ಓದು ಬರಹ ಹರಡಿದ್ದರೂ ಮುಪ್ಪಿನವರಲ್ಲಿ, ಕೂಲಿಯವರಲ್ಲಿ ಅನೇಕರಿಗೆ ಕಿವಿಯೇ ಪುಸ್ತಕವಾಗಿದೆ. ಅವರಿಗೆ ಕೇಳದಿದ್ದರೆ ಪುಸ್ತಕವು ಮುಚ್ಚಿದಂತೆಯೇ.

ಆದಕಾರಣ ಕೇಳಿಸುವ ಕೆಲಸವು ಹೊಸದಲ್ಲ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿರಿ. ಎಜ್ರನು ಧರ್ಮಶಾಸ್ತ್ರವನ್ನು ಓದುವದಕ್ಕಾಗಿ ಮರದ ಪೀಠವನ್ನು ಮಾಡಿಸಿದ್ದರು. ಎತ್ತರದಲ್ಲಿ ನಿಂತರೆ ಸ್ವರವು ತಲೆಗಳ ಮೇಲಿಂದ ದೂರ ಸಾಗುವದಷ್ಟೆ. ಬೆಳಗಿನಿಂದ ಮಧ್ಯಾಹ್ನದ ತನಕ ಓದುವಿಕೆ ನಡೆಯಿತು. ಲೇವಿಯರು ಜನರಿಗೆ ಅರ್ಥವನ್ನು ತಿಳಿಸಿದರು. ಓದಿದವನು ಒಬ್ಬನು, ತಿಳಿಯುವಂತೆ ಮಾಡಿದವರು ಅನೇಕರು. ನಮ್ಮ ಕರ್ತನು ಕೂಡಾ ಜನರ ಗುಂಪು ಹೆಚ್ಚಾದಾಗ ದೋಣಿಯಲ್ಲಿ ಕೂತು ದಡದಲ್ಲಿ ನಿಂತವರಿಗೆ ಬೋಧಿಸಿದನು. ನೀರಿನ ಸಮವಾದ ಮೈಯ ಮೇಲೆ ಸ್ವರವು ತಡೆಯಿಲ್ಲದೆ ಸಾಗುವದನ್ನು ತುಂಗಭದ್ರೆಯ ದಡದಲ್ಲಿ ವಾಸಿಸುವ ಸಿರುಗುಪ್ಪದವರಿಗೆ ನಾವು ಹೇಳಬೇಕಾದದ್ದಿಲ್ಲ.

1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಎಂಬ ಸುವಾರ್ತಿಕನು ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದಲ್ಲಿ ಬಯಲಲ್ಲಿ ನಿಂತು ಪ್ರಸಂಗಿಸಿದನು. ಬೆಂಜಮಿನ್ ಫ್ರಾಂಕ್ಲಿನನು ಆ ಸ್ವರವು ಎಷ್ಟು ದೂರ ಕೇಳುವದೆಂದು ತಿಳಿಯಲು ಬೀದಿಯಲ್ಲಿ ಹೊಳೆಯ ಕಡೆಗೆ ಹಿಂದೆ ಹಿಂದೆ ನಡೆಯುತ್ತಾ ಹೋದನು. ಆ ದೂರಕ್ಕೆ ಅರ್ಧವೃತ್ತ ಎಳೆದು, ಒಬ್ಬೊಬ್ಬನಿಗೆ ಎರಡು ಚದರ ಅಡಿಯಂತೆ ಲೆಕ್ಕ ಹಾಕಿ, 30,000ಕ್ಕಿಂತಲೂ ಹೆಚ್ಚು ಮಂದಿಗೆ ಕೇಳಬಹುದೆಂದು ಬರೆದಿಟ್ಟನು. ಅಂಥ ಗಂಟಲು ಸಾವಿರಕ್ಕೆ ಒಬ್ಬನಿಗೂ ಇಲ್ಲ. 1919ರಲ್ಲಿ ಅದೇ ದೇಶದ ಅಧ್ಯಕ್ಷನಾದ ವುಡ್ರೋ ವಿಲ್ಸನನು ಸ್ಯಾನ್ ಡಿಯೇಗೋ ಪಟ್ಟಣದಲ್ಲಿ ಧ್ವನಿವರ್ಧಕದ ಮೂಲಕ ದೊಡ್ಡ ಜನಸಮೂಹಕ್ಕೆ ಮಾತಾಡಿದನು. ಅಂದಿನಿಂದ ಸಣ್ಣ ಗಂಟಲಿನವನಿಗೂ ದೊಡ್ಡ ಸ್ವರವು ದೊರಕುವಂತಾಯಿತು. ಇದು ಒಳ್ಳೆಯದೇ. ಆದರೆ ವೈಟ್‌ಫೀಲ್ಡನ ಗಂಟಲಿಗೆ ದಣಿವು ಎಂಬ ಮಿತಿಯಿತ್ತು. ಯಂತ್ರಕ್ಕೆ ಅಂಥ ಮಿತಿಯಿಲ್ಲ. ಅದರ ಮಿತಿಯು ಅದನ್ನು ತಿರುಗಿಸುವವನ ಬೆರಳಿನಲ್ಲಿದೆ. ನಮ್ಮ ವಿಷಯವೆಲ್ಲಾ ಆ ಬೆರಳಿನದು.

ಮೊದಲನೆಯದಾಗಿ, ಗಟ್ಟಿಯಾಗಿ ಕೇಳುವದು ಬೇರೆ, ತಿಳಿಯುವಂತೆ ಕೇಳುವದು ಬೇರೆ ಎಂಬದನ್ನು ಅರಿತುಕೊಳ್ಳಬೇಕು. ಸಿರುಗುಪ್ಪದ ಕಡೆಯ ಒಂದು ಸಭೆಯಲ್ಲಿ ಆರಾಧನೆಯಾದ ಮೇಲೆ ಕೊನೆಯ ಚಾಪೆಯಲ್ಲಿ ಕೂತಿದ್ದ ಮುದುಕಿಯೊಬ್ಬಳನ್ನು "ಇವತ್ತಿನ ಪ್ರಸಂಗ ಕೇಳಿಸಿತೇನವ್ವಾ?" ಎಂದು ವಿಚಾರಿಸಿದೆವು. ಆಕೆಯು, "ಕೇಳಿಸೋದೇನೋ ಬೇಕಾದಷ್ಟು ಕೇಳಿಸ್ತೈತ್ರಿ ಅಯ್ಯನೋರೆ, ಏನಂತ ಮಾತ್ರ ತಿಳಿಯೋದಿಲ್ಲ" ಅಂದಳು. ನಾವು ಆ ದಿನ ಸುಮಾರು ಮುಕ್ಕಾಲು ತಾಸು ಮಾತಾಡಿದ್ದೆವು.

ಇದಕ್ಕೆ ಕಾರಣವೇನು? ಬಯಲಿನಲ್ಲಿ ಹೇಳುವವನಿಗೂ ಕೇಳುವವನಿಗೂ ಇರುವ ದೂರವು ಎರಡರಷ್ಟಾದರೆ ಶಬ್ದದ ಬಲವು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುವದು. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲಿಗೆ. ಕಟ್ಟಡದೊಳಗಾದರೋ ಮತ್ತೊಂದು ತೊಂದರೆಯುಂಟು. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಮಾತು ನೆಟ್ಟಗೆ ಕಿವಿಗೆ ಒಮ್ಮೆ ಬರುವದು. ಕಲ್ಲುಗೋಡೆಗೂ ತಗಡಿನ ಮಾಡಿಗೂ ಬಡಿದು ಸ್ವಲ್ಪ ತಡವಾಗಿ ಮತ್ತೆ ಮತ್ತೆ ಬರುವದು. ಅಷ್ಟರಲ್ಲಿ ಮುಂದಿನ ಮಾತು ಹೊರಟಿರುವದು. ಹೀಗೆ ಮಾತಿನ ಮೇಲೆ ಮಾತು ಬಿದ್ದು ಗದ್ದಲವಾಗುವದು. ಇನ್ನೂ ಒಂದುಂಟು. ಮಾತಿನಲ್ಲಿ ಸ್ವರಾಕ್ಷರಗಳು ಬಲವುಳ್ಳವು, ವ್ಯಂಜನಗಳು ಕ್ಷೀಣವಾದವು. ಪಾಪ, ತಾತ, ಕಾಕ ಎಂಬ ಮೂರು ಮಾತುಗಳನ್ನು ಬೇರೆ ಬೇರೆ ಮಾಡುವದು ವ್ಯಂಜನವೇ. ಮುಪ್ಪು ಬಂದಾಗ ಕಿವಿಯು ಮೊದಲು ಕಳೆದುಕೊಳ್ಳುವದು ತೀಕ್ಷ್ಣವಾದ ಸಣ್ಣ ಶಬ್ದಗಳನ್ನು. ಆದಕಾರಣ ವ್ಯಂಜನಗಳು ಸೋರಿಹೋಗಿ ಬರೀ 'ಆ ಆ' ಎಂಬದು ಉಳಿಯುವದು. ನಾವು ಪಾಪದ ವಿಷಯವಾಗಿ ಎಷ್ಟು ಕೂಗಿದರೂ ಆ ಮುದುಕಿಯ ಕಿವಿಗೆ ಅದು ತಾತನ ವಿಷಯವಾಗಿಯೂ ಇರಬಹುದು!

ಇಂಥಲ್ಲಿ ಗುಂಡಿಯನ್ನು ತಿರುಗಿಸಿ ಇನ್ನೂ ಗಟ್ಟಿ ಮಾಡಿದರೆ ಫಲವೇನು? ಮಾತಿನೊಂದಿಗೆ ಗೋಡೆಯ ಪ್ರತಿಧ್ವನಿಯೂ ಅಷ್ಟೇ ಗಟ್ಟಿಯಾಗುವದು. ಮದ್ದು ಗಟ್ಟಿತನವಲ್ಲ, ಸಮೀಪತೆ. ಮೈಕು ಬಾಯಿಗೆ ಒಂದು ಗೇಣಿನೊಳಗೆ ಇರಬೇಕು. ಮುಂದೆ ಒಂದು ದೊಡ್ಡ ಪೆಟ್ಟಿಗೆ ಇಟ್ಟು ಅಬ್ಬರಿಸುವದಕ್ಕಿಂತ ಮುದುಕರು ಕೂಡ್ರುವ ಕಡೆಯ ಕಂಬಕ್ಕೆ ಒಂದು ಸಣ್ಣ ಸ್ಪೀಕರು ಕಟ್ಟುವದು ಲೇಸು. ಗುಡುಗುಟ್ಟುವ ದಪ್ಪ ಶಬ್ದವನ್ನು ತಗ್ಗಿಸಿ ತೆಳ್ಳಗಿನದನ್ನು ಸ್ವಲ್ಪ ಎತ್ತಬೇಕು. ಸ್ಪೀಕರಿನ ಬಾಯಿಗೆ ಮೈಕು ಎದುರಾಗಬಾರದು. ಎದುರಾದರೆ ಹೊರಬಂದ ಶಬ್ದವು ಪುನಃ ಮೈಕಿನೊಳಗೆ ಹೊಕ್ಕು, ಹೆಚ್ಚಿ, ಹೊರಬಂದು, ಮತ್ತೆ ಹೊಕ್ಕು, ಕಡೆಗೆ ಕುಂಯ್ಯೆಂದು ಕಿವಿ ಹರಿಯುವಂತೆ ಕೂಗುವದು. ಯಾರೂ ಮಾತಾಡದ ಮೈಕುಗಳನ್ನು ಮುಚ್ಚಿಡಬೇಕು. ತುಂಬಿದ ಸಭೆಯು ಶಬ್ದವನ್ನು ಹೀರುವದರಿಂದ, ಬರಿದಾದ ಆಲಯದಲ್ಲಿ ಸರಿಮಾಡಿದ್ದನ್ನು ಜನರು ಕೂತ ಮೇಲೆ ಇನ್ನೊಮ್ಮೆ ನೋಡಬೇಕು. ಇವೆಲ್ಲವೂ ಹಣದಿಂದ ಆಗುವ ಕೆಲಸಗಳಲ್ಲ. ಎದ್ದು ಹೋಗಿ ಕೊನೆಯ ಚಾಪೆಯಲ್ಲಿ ಕೂತು ಕೇಳುವವನಿಂದ ಆಗುವವು. ಅರ್ಥವಾಗದ ಶಬ್ದದಿಂದ ಸಭೆಗೆ ಭಕ್ತಿವೃದ್ಧಿಯಿಲ್ಲವೆಂಬದನ್ನು ಪೌಲನು ಕೊರಿಂಥದವರಿಗೆ ತುತೂರಿಯ ದೃಷ್ಟಾಂತದಿಂದ ತೋರಿಸಿರುವನು. ಆತನಿಗೆ ಮೈಕು ಗೊತ್ತಿರಲಿಲ್ಲ. ಮನುಷ್ಯನ ಕಿವಿ ಗೊತ್ತಿತ್ತು.

ಎರಡನೆಯದಾಗಿ, ಈ ಯೌವನಸ್ಥನ ಕೈಯಲ್ಲಿ ಒಂದು ಅಧಿಕಾರವುಂಟು. ಅದು ಅಧಿಕಾರವೆಂದು ಅವನಿಗೂ ತಿಳಿದಿರಲಾರದು. ಒಬ್ಬನ ಸ್ವರವನ್ನು ಎತ್ತಿ ಮತ್ತೊಬ್ಬನ ಸ್ವರವನ್ನು ತಗ್ಗಿಸುವದು ಅವನ ಬೆರಳಿಗೆ ಸಾಧ್ಯ. ಸಭೆಯಲ್ಲಿ ಹಿರಿಯನೊಬ್ಬನು ಪ್ರಕಟಣೆ ಓದುವಾಗ ಮೈಕು ಸರಿಯಾಗಿರುವದು. ಬಡವರ ಮನೆಯ ಹುಡುಗಿಯೊಬ್ಬಳು ಹೆದರುತ್ತಾ ಸತ್ಯವೇದದ ಪಾಠ ಓದುವಾಗ ಯಾರೂ ಅದನ್ನು ಆಕೆಯ ಎತ್ತರಕ್ಕೆ ಇಳಿಸುವದಿಲ್ಲ. ಹಾಡುವವರಲ್ಲಿ ಒಬ್ಬೊಬ್ಬನೂ ತನ್ನ ಮೈಕು ಹೆಚ್ಚಿರಲೆಂದು ಸನ್ನೆ ಮಾಡುವನು. ವಾದ್ಯ ನುಡಿಸುವವನು ಹಾಡಿನ ಮಾತನ್ನೇ ಮುಳುಗಿಸುವನು. ನಮ್ಮ ಬಳ್ಳಾರಿ ಸೀಮೆಯಲ್ಲಿ ಕನ್ನಡ ಮಾತಾಡುವವರೂ ತೆಲುಗು ಮಾತಾಡುವವರೂ ಒಂದೇ ಬೀದಿಯಲ್ಲಿದ್ದಾರೆ. ಕೆಲವು ಕೂಟಗಳಲ್ಲಿ ಪ್ರಸಂಗಿಯ ಪಕ್ಕದಲ್ಲಿ ಭಾಷಾಂತರಿಸುವವನು ನಿಲ್ಲುವನು. ಪ್ರಸಂಗಿಗೆ ಒಳ್ಳೆಯ ಮೈಕು, ಭಾಷಾಂತರಿಸುವವನಿಗೆ ಹಳೆಯದು ಎಂದಾದರೆ ಅರ್ಧ ಸಭೆಗೆ ಅರ್ಧ ವಾಕ್ಯವೇ ಸಿಕ್ಕುವದು. ಹೊನ್ನುಂಗುರದವನನ್ನು ಮುಂದೆ ಕೂಡ್ರಿಸಿ ಬಡವನನ್ನು ಹಿಂದೆ ನಿಲ್ಲಿಸುವ ಪಕ್ಷಪಾತವನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಖಂಡಿಸಿದ್ದಾನಷ್ಟೆ. ಆ ಪಕ್ಷಪಾತವು ಆಸನದಲ್ಲಿ ಮಾತ್ರವಲ್ಲ, ಶಬ್ದದಲ್ಲಿಯೂ ನಡೆಯಬಲ್ಲದು. ಮೈಕು ನೋಡುವವನು ಸಣ್ಣ ಸ್ವರದವರ ಪಕ್ಷದಲ್ಲಿ ಇರಲಿ. ದೊಡ್ಡ ಸ್ವರದವರು ತಮ್ಮನ್ನು ತಾವೇ ನೋಡಿಕೊಳ್ಳಬಲ್ಲರು.

ಆದರೆ ಈ ಅಧಿಕಾರಕ್ಕೆ ಒಂದು ಮೇರೆಯೂ ಇದೆ. ಪ್ರಸಂಗವು ಉದ್ದವಾಯಿತೆಂದು ಬೇಸರಪಟ್ಟು ತಗ್ಗಿಸುವದು, ತನಗೆ ಆಗದವನು ಸಾಕ್ಷಿ ಹೇಳುವಾಗ ಮೈಕು ಕೆಟ್ಟಿತೆಂದು ನಟಿಸುವದು ದ್ರೋಹವೇ. ಕೇಳಬೇಕಾದದ್ದು ಏನು ಎಂಬದನ್ನು ನಿರ್ಣಯಿಸುವದು ಅವನದಲ್ಲ. ಕೇಳುವಂತೆ ಮಾಡುವದೇ ಅವನದು.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಕೇಳಲು ಬಂದವರ ಕಿವಿಗಳಿಗೆ ಅವನು ಹೇಗೆ ಋಣಿಯೋ ಹಾಗೆಯೇ ಕೇಳಲು ಬಾರದವರ ಕಿವಿಗಳಿಗೂ ಋಣಿಯಾಗಿದ್ದಾನೆ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಬೇಡವೆಂದವನು ಮುಖ ತಿರುಗಿಸಬಹುದು. ಕಿವಿಯನ್ನು ಎಲ್ಲಿಗೆ ತಿರುಗಿಸಾನು? ಸಿರುಗುಪ್ಪದ ಗದ್ದೆಗಳಲ್ಲಿ ದಿನವೆಲ್ಲಾ ಬಗ್ಗಿ ಭತ್ತದ ಸಸಿ ನೆಟ್ಟು ಬಂದ ಹೆಂಗಸು ಮಲಗಿದ್ದಾಳೆ. ಪಕ್ಕದ ಮನೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಹುಡುಗನಿದ್ದಾನೆ. ಆಚೆ ಬಾಣಂತಿಯೂ ಹಸುಳೆಯೂ ಇದ್ದಾರೆ. ಅವರ ನಿದ್ರೆ ನಮ್ಮದಲ್ಲ. ನಮ್ಮದಲ್ಲದ್ದನ್ನು ಕೇಳದೆ ತೆಗೆದುಕೊಳ್ಳುವದಕ್ಕೆ ಯಾವ ಹೆಸರೆಂಬದನ್ನು ಹತ್ತು ಆಜ್ಞೆಗಳನ್ನು ಬಲ್ಲ ಮಕ್ಕಳೂ ಹೇಳುವರು.

ರಾಜ್ಯದ ಕಾನೂನು ಸಹ ಇದನ್ನೇ ಹೇಳುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಅಧಿಕಾರಿಗಳಿಂದ ಲಿಖಿತ ಅನುಮತಿ ಬೇಕು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಅದನ್ನು ಉಪಯೋಗಿಸಕೂಡದು. ಜನವಸತಿಯ ಸ್ಥಳಗಳಲ್ಲಿ ಶಬ್ದದ ಮಿತಿಯು ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿಯಲ್ಲಿ 45 ಎಂದು ಗೊತ್ತುಮಾಡಿದ್ದಾರೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲೂ 100 ಮೀಟರಿನ ವರೆಗೆ ಮೌನದ ವಲಯವಾಗಿರಬಹುದು; ಅಲ್ಲಿ ಮಿತಿಯು ಇನ್ನೂ ಕಡಿಮೆ. ಅದೇ ವರುಷ ಆಗಸ್ಟ್ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪು ಕೊಟ್ಟಿತು. ಆ ವ್ಯಾಜ್ಯವು ಬೇರೆ ಯಾರದೋ ಅಲ್ಲ. ಚೆನ್ನೈ ಪಟ್ಟಣದ ಒಂದು ಕ್ರೈಸ್ತ ಸಭೆಗೂ ಅದರ ನೆರೆಹೊರೆಯವರಿಗೂ ನಡೆದದ್ದು. ಧ್ವನಿವರ್ಧಕ ಹಚ್ಚಿ, ತಮಟೆ ಬಾರಿಸಿ, ಇತರರ ನೆಮ್ಮದಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲವೆಂಬದು ಆ ತೀರ್ಪಿನ ಸಾರಾಂಶ. ನಮ್ಮ ನೆರೆಯವರು ನಮ್ಮನ್ನು ನ್ಯಾಯಸ್ಥಾನಕ್ಕೆ ಎಳೆದು, ನಮ್ಮ ಸತ್ಯವೇದದಲ್ಲಿಯೇ ಇರುವ ಪಾಠವನ್ನು ನ್ಯಾಯಾಧೀಶರ ಬಾಯಿಂದ ನಮಗೆ ಕೇಳಿಸಬೇಕಾಯಿತು. ಇದಕ್ಕಾಗಿ ತಲೆ ತಗ್ಗಿಸೋಣ.

ಇಲ್ಲಿ ಕೆಲವರು, "ಹಬ್ಬ ಜಾತ್ರೆಗಳಲ್ಲಿ, ಮದುವೆಗಳಲ್ಲಿ, ಚುನಾವಣೆಗಳಲ್ಲಿ ಎಲ್ಲರೂ ಹಾರ್ನು ಹಚ್ಚುತ್ತಾರೆ, ನಾವು ಮಾತ್ರ ಯಾಕೆ ಸುಮ್ಮನಿರಬೇಕು?" ಎಂದು ಕೇಳುವರು. ಈ ಮಾತಿನಲ್ಲಿ ನೋವುಂಟು. ಸಣ್ಣ ಸಭೆಯವರಿಗೆ ತಾವೂ ಊರಿನಲ್ಲಿ ಇದ್ದೇವೆಂದು ತೋರಿಸುವ ಆಶೆಯುಂಟು. ಅದನ್ನು ನಾವು ಹಗುರವಾಗಿ ತಳ್ಳಿಬಿಡುವದಿಲ್ಲ. ಬಹುಕಾಲ ಊರ ಹೊರಗೆ ಕೂಡ್ರಿಸಲ್ಪಟ್ಟವರಿಗೆ ತಮ್ಮ ಸ್ವರವು ಊರೊಳಗೆ ಹೋಗುವದು ಸಂತೋಷವೇ ಸರಿ. ಆದರೆ ಊರಿನವರು ನಮ್ಮ ಸ್ವರವನ್ನು ಕೇಳುವದೂ ನಮ್ಮ ಮಾತಿಗೆ ಕಿವಿಗೊಡುವದೂ ಒಂದೇ ಅಲ್ಲ. ಹಾರ್ನಿನಿಂದ ಮೊದಲನೆಯದನ್ನು ಬಲವಂತವಾಗಿ ಮಾಡಬಹುದು. ಎರಡನೆಯದನ್ನು ಯಾವ ಯಂತ್ರವೂ ಮಾಡಲಾರದು. ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ಬಿರುಗಾಳಿ, ಭೂಕಂಪ, ಬೆಂಕಿ ಇವೆಲ್ಲವುಗಳಾದ ಮೇಲೆ ದೇವರು ಯಾವ ತರದಿಂದ ಮಾತಾಡಿದನೆಂಬದನ್ನು ನೆನಸಿಕೊಳ್ಳಿರಿ. ಜ್ವರದ ತಾಯಿಯ ಮಗನು ಟವೆಲು ಕೈಯಲ್ಲಿ ಹಿಡಿದು ಬಂದು ವಿನಯದಿಂದ ಕೇಳಿದನು. ಹಾರ್ನು ನಿಂತದ್ದನ್ನು ಅವನು ತನ್ನ ಓಣಿಯಲ್ಲಿ ಹೇಳದೆ ಇದ್ದಾನೋ? ನಮ್ಮ ಆ ರಾತ್ರಿಯ ಪ್ರಸಂಗದಲ್ಲಿ ಊರಿಗೆ ಮುಟ್ಟಿದ್ದು ಬಹುಶಃ ಅದೊಂದೇ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುವೆವು. ಹಳ್ಳಿಯ ಕೂಟಗಳಲ್ಲಿ ಕರೆಂಟಿಗಾಗಿ ಕಂಬದ ತಂತಿಗೆ ಕೊಂಡಿ ಹಾಕುವ ಪದ್ಧತಿಯನ್ನು ಕೆಲವೆಡೆ ಕಂಡಿದ್ದೇವೆ. "ದೇವರ ಕೆಲಸಕ್ಕೆ ತಾನೇ" ಎಂಬ ಸಮಾಧಾನವನ್ನೂ ಕೇಳಿದ್ದೇವೆ. 2003ರ ವಿದ್ಯುತ್ ಕಾಯಿದೆಯಲ್ಲಿ ಇದು ಕಳವು. ಸತ್ಯವೇದದಲ್ಲಿ ಅದಕ್ಕಿಂತ ಮೊದಲೇ ಕಳವು. ಅದಲ್ಲದೆ ಆ ಕೊಂಡಿಯನ್ನು ಹಾಕಲು ಯಾರನ್ನು ಕಳುಹಿಸುತ್ತೇವೆ? ಸಂಬಳವಿಲ್ಲದೆ ಬಂದ ಆ ಹುಡುಗನನ್ನೇ. ಅವನ ಪ್ರಾಣವನ್ನು ಪಣವಿಟ್ಟು ನಾವು ಜೀವದ ವಾಕ್ಯವನ್ನು ಸಾರುವದೇ? ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಕೊಡಿರಿ. ಇಲ್ಲವೆ ಮೀಟರು ಇರುವ ಮನೆಯವರನ್ನು ಕೇಳಿ, ಬಿಲ್ಲಿನ ಹಣ ಕೊಡಿರಿ. ಇಲ್ಲವೆ ಬ್ಯಾಟರಿ ತಂದುಕೊಳ್ಳಿರಿ. ಯಾವದೂ ಇಲ್ಲದಿದ್ದರೆ ಜನರನ್ನು ಹತ್ತಿರ ಕರೆದು ಕೂಡ್ರಿಸಿ ಬಾಯಿಂದ ಮಾತಾಡಿರಿ. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟದಿರುವದು, ಅರ್ಥಿಂಗ್ ಇಲ್ಲದ ಪೆಟ್ಟಿಗೆ ಹಚ್ಚದಿರುವದು, ಗುಡುಗು ಮಿಂಚು ಬಂದಾಗ ತಂತಿ ಬಿಡಿಸುವದು, ಇವು ಸಹ ದೈವಭಕ್ತಿಗೆ ಹೊರಗಾದ ಸಂಗತಿಗಳಲ್ಲ.

ಇನ್ನು ಸಂಬಳವಿಲ್ಲದ ಸೇವೆಯ ವಿಷಯ. ಬಿಟ್ಟಿಯಾಗಿ ಮಾಡುವ ಸೇವೆಯಲ್ಲಿ ಎರಡು ಕಡೆಗೂ ಒಂದೊಂದು ಶೋಧನೆಯುಂಟು. ಮಾಡುವವನು, "ನಾನೇನು ಕೂಲಿ ತೆಗೆದುಕೊಂಡಿದ್ದೇನೆಯೇ?" ಎಂದು ತಡವಾಗಿ ಬರಬಹುದು, ಕಲಿಯದೆ ಇರಬಹುದು, ತಪ್ಪು ತೋರಿಸಿದರೆ ಮುನಿಸಿಕೊಳ್ಳಬಹುದು. ಮನಃಪೂರ್ವಕವಾಗಿ ಕೊಟ್ಟದ್ದು ಕುಂಟಾದ ಕುರಿಯಾಗಿರಬಾರದೆಂಬದನ್ನು ಮಲಾಕಿಯ ಪುಸ್ತಕವನ್ನು ಓದಿದವರು ಬಲ್ಲರು. ಸಭೆಯಾದರೋ, "ಅವನು ನಮ್ಮವನೇ, ಕರೆದರೆ ಬರುವನು" ಎಂದು ಮದುವೆಗೂ ಮಣ್ಣಿಗೂ, ಉಪವಾಸಕೂಟಕ್ಕೂ ಕ್ರಿಸ್ಮಸ್ ಹಾಡಿಗೂ ಅವನನ್ನೇ ಎಳೆಯುವದು. ಹರಿದ ತಂತಿಗೆ ಅವನ ಜೇಬಿನಿಂದಲೇ ಹಣ ಹೋಗುವದು. ಕೂಲಿಯ ದಿನವೊಂದು ತಪ್ಪಿದರೆ ಅವನ ಮನೆಯಲ್ಲಿ ಒಲೆ ಹೇಗೆ ಉರಿಯುವದೆಂದು ಯಾರೂ ಕೇಳುವದಿಲ್ಲ. ತಾನಾಗಿ ಕೊಟ್ಟದ್ದು ಕಾಣಿಕೆ. ಕೇಳದೆ ಕಿತ್ತುಕೊಂಡದ್ದು ಬಿಟ್ಟಿ ಚಾಕರಿ. ನಮ್ಮ ಪೂರ್ವಿಕರು ಗೌಡರ ಶಾನಭೋಗರ ಬಿಟ್ಟಿ ಚಾಕರಿಯನ್ನು ಕಂಡವರು. ಅದರ ನೊಗವನ್ನು ಸಭೆಯೊಳಗೆ ತಂದು ಸೇವೆಯೆಂಬ ಹೆಸರಿಡಬಾರದು.

ಅವನ ಆತ್ಮದ ವಿಷಯವಾಗಿಯೂ ಚಿಂತಿಸಬೇಕು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವನು ಕಣ್ಣು ತೆರೆದು ಕೆಂಪು ದೀಪವನ್ನು ನೋಡುತ್ತಿರುವನು. ಎಲ್ಲರೂ ವಾಕ್ಯವನ್ನು ಕೇಳುವಾಗ ಅವನು ವಾಕ್ಯದ ಶಬ್ದವನ್ನು ಕೇಳುವನು. ವರುಷವೆಲ್ಲಾ ಹೀಗೆ ಕಳೆದರೆ ಎಲ್ಲರಿಗೂ ಬಡಿಸಿ ತಾನು ಹಸಿದು ಎದ್ದವನಂತೆ ಆಗುವನು. ಆದಕಾರಣ ಪ್ರತಿಯೊಂದು ಸಭೆಯಲ್ಲಿ ಮೂವರಾದರೂ ಈ ಕೆಲಸವನ್ನು ಕಲಿಯಲಿ. ಹುಡುಗಿಯರೂ ಕಲಿಯಲಿ, ಗುಂಡಿ ತಿರುಗಿಸುವದಕ್ಕೆ ಮೀಸೆ ಬೇಕಾಗಿಲ್ಲ. ಒಬ್ಬನು ಪೆಟ್ಟಿಗೆಯ ಬಳಿ ಇರುವ ಭಾನುವಾರ ಮಿಕ್ಕವರು ತಮ್ಮ ತಾಯಿತಂದೆಗಳ ಪಕ್ಕದಲ್ಲಿ ಕೂತು ಹಾಡಲಿ.

ಈ ಕೆಲಸಕ್ಕೆ ಹೊಗಳಿಕೆಯೂ ದೊರೆಯುವದಿಲ್ಲ. ಎಲ್ಲವೂ ಸರಿಯಾಗಿ ನಡೆದ ದಿನ ಮೈಕು ಎಂಬದೊಂದು ಇದೆಯೆಂದೇ ಯಾರಿಗೂ ನೆನಪಾಗದು. ಕುಂಯ್ಯೆಂದ ದಿನ ಮಾತ್ರ ಇನ್ನೂರು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗುವವು. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುಕೊಂಡು ಬಂದು, ಮಾಳಿಗೆಯನ್ನು ಬಿಚ್ಚಿ ಕರ್ತನ ಮುಂದೆ ಇಳಿಸಿದರು. ಆ ನಾಲ್ವರ ಹೆಸರು ಏನು? ಸುವಾರ್ತೆಯಲ್ಲಿ ಬರೆದಿಲ್ಲ. ಅವರು ಬೋಧಿಸಲಿಲ್ಲ, ಸ್ವಸ್ಥಮಾಡಲಿಲ್ಲ. ಒಬ್ಬ ಮನುಷ್ಯನು ವಾಕ್ಯದ ಸಮೀಪಕ್ಕೆ ಬರುವಂತೆ ಹಗ್ಗ ಹಿಡಿದರು. ತಂತಿ ಹಿಡಿಯುವವನು ಅವರ ಸಾಲಿನವನು.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ಹುಡುಗನು ನಮ್ಮ ಅಪ್ಪಣೆಯನ್ನು ಮೀರಿದ್ದು ತಪ್ಪೋ? ತಪ್ಪಲ್ಲವೆಂದೇ ನಮ್ಮ ಈಗಿನ ನಂಬಿಕೆ. ಪೀಠದ ಮೇಲೆ ನಿಂತವನು ತನ್ನ ಸ್ವರವು ಕೊನೆಯ ಚಾಪೆಯಲ್ಲಿ ಹೇಗೆ ಕೇಳುವದೆಂಬದನ್ನು ಅರಿಯಲಾರನು. ಆಚೆಯ ಗುಡಿಸಲಿನಲ್ಲಿ ಹೇಗೆ ಕೇಳುವದೆಂಬದನ್ನಂತೂ ಅರಿಯಲೇ ಆರನು. ಅದನ್ನು ಅರಿಯುವದಕ್ಕಾಗಿಯೇ ಸಭೆಯು ಒಬ್ಬನನ್ನು ಹಿಂದೆ ಕೂಡ್ರಿಸಿದೆ. ಅವನು ಬಾಯಿಯ ಸೇವಕನಲ್ಲ, ಕಿವಿಗಳ ಸೇವಕನು. ಬಂದ ಕಿವಿಗಳಿಗೂ ಬಾರದ ಕಿವಿಗಳಿಗೂ ಸಮವಾಗಿ ಸೇವಕನು. ಪ್ರಸಂಗಿಯ ಅಪ್ಪಣೆಯು ಆ ಕಿವಿಗಳಿಗೆ ನೋವಾಗುವಲ್ಲಿ ನಿಲ್ಲುವದು. ಪ್ರಸಂಗಿಯಾದವನು ಇದಕ್ಕೆ ಸಿಟ್ಟಾಗುವನಾದರೆ, ತಾನು ಯಾರಿಗೋಸ್ಕರ ಮಾತಾಡುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳಲಿ. ನಾವು ಕೇಳಿಕೊಂಡೆವು; ಬಂದ ಉತ್ತರವು ನಮಗೆ ಮೆಚ್ಚಿಕೆಯಾದದ್ದಲ್ಲ.

ಓದುಗರೇ, ಬರುವ ಭಾನುವಾರ ಮೂರು ಕೆಲಸಗಳನ್ನು ಮಾಡಿರೆಂದು ಬೇಡಿಕೊಳ್ಳುತ್ತೇವೆ. ಹಿರಿಯರಲ್ಲಿ ಒಬ್ಬರು ತಮ್ಮ ಮುಂದಿನ ಬೆಂಚನ್ನು ಬಿಟ್ಟು ಕೊನೆಯ ಚಾಪೆಯಲ್ಲಿ ಕೂತು ಕೇಳಿರಿ. ಮತ್ತೊಬ್ಬರು ಹಾಡಿನ ಹೊತ್ತಿನಲ್ಲಿ ಹೊರಗೆ ಹೋಗಿ, ನೆರೆಮನೆಯವರ ಕಟ್ಟೆಯ ಬಳಿ ನಿಂತು ಅವರ ಕಿವಿಯಿಂದ ಕೇಳಿರಿ. ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಆ ಯೌವನಸ್ಥನ ಜೊತೆಗೆ ನಿಂತು ತಂತಿ ಸುತ್ತಿರಿ. ಹಾಗೆ ಸುತ್ತುವಾಗ ಅವನ ಮನೆಯ ಕ್ಷೇಮವನ್ನು ವಿಚಾರಿಸಿರಿ.

ಸಿರುಗುಪ್ಪದ ಆ ಮುದುಕಿಯ ಚಾಪೆಯ ಮೇಲಿನ ಕಂಬಕ್ಕೆ ಈಗ ಒಂದು ಚಿಕ್ಕ ಸ್ಪೀಕರು ಕಟ್ಟಿದ್ದಾರೆ. ಹೋದ ಸಲ ಹೋದಾಗ ಆಕೆಯನ್ನು ಮತ್ತೆ ಕೇಳಿದೆವು. "ಈಗ ತಿಳಿತೈತ್ರಿ ಅಯ್ಯನೋರೆ" ಅಂದಳು. ಸ್ವಲ್ಪ ತಡೆದು, "ಭಾಳ ಉದ್ದ ಆಗ್ತೈತ್ರಿ" ಅಂದಳು. ಇದನ್ನೂ ಕೇಳಿಸಿಕೊಳ್ಳುವ ಕಿವಿಯನ್ನು ಕರ್ತನು ನಮಗೆ ಅನುಗ್ರಹಿಸಲಿ.